ಬರೋಬರಿ ಬಿಟ್ಟ ಕುಸ್ತಿ

ನೌಬಾದದ ಸ್ಟಾಪಿನಲ್ಲಿ ಒಬ್ಬ ಹುಡುಗಿ ಬಸ್ಸು ಹತ್ತಿದಳು. ನಾನು ಬೀದರ–ಭಾಲ್ಕಿ ಬಸ್ಸಿನ ಕಂಡಕ್ಟರ್. ಬೆಳಗಿನ ಥಂಡಿಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಆಧಾರ್ ಕಾರ್ಡ್ ತೋರಿಸವ್ವಾ ಎಂದೆ. ಆಕೆ ಬಗ್ಗಿ ಚೀಲದಲ್ಲಿ ಹುಡುಕುವಾಗ ಕೊರಳ ಹತ್ತಿರದಿಂದ ಆ ವಾಸನೆ ಬಂತು. ಅರಿಸಿನ, ಎಣ್ಣೆ, ಕರ್ಪೂರ, ಹುಳಿ ಮಜ್ಜಿಗೆ ಎಲ್ಲ ಕೂಡಿದ ಕೆಂಪು ಮಣ್ಣಿನ ವಾಸನೆ. ಕಿವಿಯ ಹಿಂದೆ ಇನ್ನೂ ಸ್ವಲ್ಪ ಹತ್ತಿಕೊಂಡಿತ್ತು. ಕುಸ್ತಿ ಆಡುವವರು ಎಷ್ಟು ತಿಕ್ಕಿ ತೊಳೆದುಕೊಂಡರೂ ಕಿವಿಯ ಹಿಂದಿನ ಮಣ್ಣು ಮಾತ್ರ ಹೋಗುವುದಿಲ್ಲ.

"ಯಾವ ತಾಲೀಮಿನಾಕಿ ನೀ?" ಎಂದು ಕೇಳಿದೆ.

"ನಿಮಗ ಹ್ಯಾಂಗ ಗೊತ್ತಾತ್ರಿ ಮೇಡಂ?"

"ಗೊತ್ತಾಗ್ತದ," ಎಂದು ಟಿಕೆಟ್ ಕೊಟ್ಟು ಮುಂದಿನ ಸೀಟಿಗೆ ಹೋದೆ. ನನ್ನ ಮುಖ ಬಿಸಿಯಾಗಿತ್ತು. ಇಷ್ಟು ವರ್ಷವಾದರೂ ಆ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ಆಗುವುದು ನಾಚಿಕೆ. ಹೆಮ್ಮೆ ಆಗಬೇಕು ಎಂದು ನನಗೇ ನಾನು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆಗುವುದಿಲ್ಲ. ಹೆಮ್ಮೆ ಪಡಬೇಕಾದದ್ದಕ್ಕೆ ನಾಚಿಕೊಳ್ಳುವುದನ್ನು ನನಗೆ ಒಂದು ಚಳಿಗಾಲ ಕಲಿಸಿತು, ಕಲಿತದ್ದು ಇವತ್ತಿಗೂ ಬಿಟ್ಟಿಲ್ಲ.

ಡಿಗ್ರಿ ಮುಗಿಸಿ, ಕೆಲಸವಿಲ್ಲದೆ ಭಾಲ್ಕಿ ಕಡೆಯ ಸಾಯಗಾಂವದ ಮನೆಯಲ್ಲಿ ಕುಳಿತಿದ್ದ ವರ್ಷ ಅದು. ಅಪ್ಪ ಊರ ತಾಲೀಮಿನ ಉಸ್ತಾದ. ತಾಲೀಮು ಎಂದರೆ ಬೇರೆ ಕಡೆ ಗರಡಿಮನೆ ಅನ್ನುತ್ತಾರಲ್ಲ, ಅದೇ. ಮಾಣಿಕ ಪೈಲ್ವಾನ ಎಂದರೆ ಸುತ್ತಲಿನ ಹಳ್ಳಿಯವರಿಗೆ ಗೊತ್ತು. ಆದರೆ ಆತ ತಯಾರು ಮಾಡಿದ ಹುಡುಗರು ಒಬ್ಬೊಬ್ಬರಾಗಿ ಪುಣೆಗೋ ಹೈದರಾಬಾದಿಗೋ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ದೊಡ್ಡ ಕುಸ್ತಿಗಳಲ್ಲಿ ಪೈಲ್ವಾನನ ಹೆಸರಿಗಿಂತ ಮೊದಲು ಉಸ್ತಾದನ ಹೆಸರನ್ನು ಮೈಕಿನಲ್ಲಿ ಕರೆಯುವುದು ನಮ್ಮ ಕಡೆಯ ಪದ್ಧತಿ. ಅಪ್ಪನ ಹೆಸರನ್ನು ಯಾವ ಮೈಕೂ ಕರೆದಿರಲಿಲ್ಲ. ಆ ಕೊರತೆಯನ್ನು ಆತ ಬಾಯಿಬಿಟ್ಟು ಹೇಳಿದವನಲ್ಲ. ಬೇರೆ ಉಸ್ತಾದರ ಹೆಸರು ಕೇಳಿಬಂದಾಗ ಮಾತ್ರ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದ.

ತಾಲೀಮಿನ ಮಣ್ಣು ಅಗೆದು, ಮಜ್ಜಿಗೆ ಎಣ್ಣೆ ಹಾಕಿ ಹದ ಮಾಡುವ ಕೆಲಸ ನನ್ನದಾಗಿತ್ತು. ಹುಡುಗರು ಕಡಿಮೆಯಾದ ಮೇಲೆ ಒಂದು ದಿನ ಅಪ್ಪ, "ಬಾ, ನೀನರ ನಿಂದ್ರು," ಎಂದ. ಹಾಗೆ ಶುರುವಾದದ್ದು. ಕಾಲೇಜಿನಲ್ಲಿ ಮ್ಯಾಟಿನ ಮೇಲೆ ಆಡಿ ಎರಡು ಪದಕವನ್ನೂ ತಂದೆ. ಅವ್ವ ಅವನ್ನು ಗೋಡೆಯ ಮೊಳೆಗೆ ತೂಗುಹಾಕಿ, ಅದೇ ಮೊಳೆಗೆ ಜರಡಿಯನ್ನೂ ಹಾಕುತ್ತಿದ್ದಳು.

ತೊಗರಿ ಕಟಾವು ಶುರುವಾದಾಗ ಕಾಶಿನಾಥ ಶೇಠ ನಮ್ಮ ಮನೆಗೆ ಬಂದ. ನೌಬಾದದಲ್ಲಿ ಶಾಮಿಯಾನಾ, ಕುರ್ಚಿ, ಮೈಕು ಬಾಡಿಗೆಗೆ ಕೊಡುವ ಮನುಷ್ಯ. ಮದುವೆ ಇಲ್ಲದ ತಿಂಗಳಲ್ಲಿ ಸಾಮಾನು ಸುಮ್ಮನೆ ಬೀಳುತ್ತದೆ ಎಂದು ಕುಸ್ತಿಗಿಳಿದಿದ್ದ. ಬೀದರ, ಭಾಲ್ಕಿ, ಔರಾದ, ಮೂರು ಕಡೆ ಟಿಕೆಟ್ ಇಟ್ಟು ಇನಾಮಿನ ಕುಸ್ತಿ ಆಡಿಸುವುದು ಆತನ ಯೋಜನೆ.

"ಖರೇ ಹೇಳ್ತೇನಿ ಪೈಲ್ವಾನ್ರ," ಎಂದ, ಅವ್ವ ಕೊಟ್ಟ ಚಹಾ ಬಸಿಯಲ್ಲಿ ಸುರಿದುಕೊಳ್ಳುತ್ತ. "ಗಂಡಸರ ಕುಸ್ತಿ ಜನ ಮೊಬೈಲ್‌ದಾಗೂ ನೋಡ್ತಾರ. ಟಿಕೆಟ್ ತಗೊಂಡು ಬರಬೇಕಂದ್ರ ಹೆಣ್ಣುಮಕ್ಕಳದು ಒಂದ್ ಜೋಡಿ ಬೇಕ್ರಿ. ಬೀದರದಾಗ ಒಬ್ಬಾಕಿ ಸಿಕ್ಕಾಳ. ನಿಮ್ಮ ಮಗಳು ಬಂದ್ರ ಜೋಡಿ ಆಗ್ತದ."

"ನಮ್ಮ ಸುಜಿದು ತಯಾರಿ ಛಲೋ ಅದ್ರಿ ಶೇಠ್ರ. ಢಾಕ್ ಹೊಡದ್ಲಂದ್ರ ಗಂಡ ಹುಡುಗ್ರೂ ತಡಿಯಂಗಿಲ್ಲ."

"ತಯಾರಿ ಇರ್ಲಿ ಬಿಡ್ರಿ," ಎಂದು ಶೇಠ ನನ್ನ ಕಡೆ ನೋಡಿದ. "ಫೋಟೋ ಹ್ಯಾಂಗ ಬರ್ತದ, ಅದ ನೋಡೂಣು."

ಬೀದರದ ಸ್ಟುಡಿಯೋದಲ್ಲಿ ನಾನು ಶಬಾನಾಳನ್ನು ಮೊದಲು ನೋಡಿದೆ. ನನಗಿಂತ ಎರಡು ವರ್ಷ ಚಿಕ್ಕವಳು, ತೋಳು ನನ್ನದಕ್ಕಿಂತ ದಪ್ಪ. ತನ್ನ ಮಾಮುವಿನ ತಾಲೀಮಿನಲ್ಲಿ ಬೆಳೆದವಳು. ಸ್ಟುಡಿಯೋದವನು ನಮ್ಮಿಬ್ಬರಿಗೂ ಕೂದಲು ಬಿಡಲು ಹೇಳಿದ. ಕೂದಲು ಬಿಟ್ಟುಕೊಂಡು ಕುಸ್ತಿ ಹಿಡಿಯಲು ಬರುವುದಿಲ್ಲ ಎಂದೆ. "ಕುಸ್ತಿಗಿ ಅಲ್ರಿ, ಫೋಟೋಕ್ಕ," ಎಂದ. ಆಮೇಲೆ ತುಟಿಗೆ ಬಣ್ಣ ಹಚ್ಚಿಸಿದ. ಶಬಾನಾ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಹೇಳಿದಳು, "ಅಕ್ಕಾ, ಇದ ಹಚ್ಚಕೊಂಡು ನಿನ್ನ ಕೊಳ್ಳ ಹಿಡದ್ರ ನಿಮ್ಮ ಅವ್ವ ರಕ್ತ ಬಂದದಂತ ಅಳ್ತಾಳ." ನಕ್ಕೆವು. ನಗುತ್ತಿರುವಾಗಲೇ ಆತ ಫೋಟೋ ಹೊಡೆದುಕೊಂಡ, ಅದನ್ನೇ ಹಾಕಿದ. ಹಾಗಾಗಿ ಬ್ಯಾನರಿನಲ್ಲಿ ನಾವು ಕುಸ್ತಿಯವರಂತೆ ಕಾಣುತ್ತಿರಲಿಲ್ಲ, ಯಾವುದೋ ಸೀರೆ ಅಂಗಡಿಯ ಜಾಹೀರಾತಿನವರಂತೆ ಇದ್ದೆವು.

ಬ್ಯಾನರು ಭಾಲ್ಕಿಯ ಬಸ್‌ಸ್ಟ್ಯಾಂಡಿನ ಗೋಡೆಗೆ ಬಿತ್ತು. ಮಧ್ಯದಲ್ಲಿ ಆಳೆತ್ತರ ನಾವಿಬ್ಬರು, ಸುತ್ತಲೂ ಚಿಕ್ಕ ಚಿಕ್ಕ ದುಂಡು ಚೌಕಟ್ಟುಗಳಲ್ಲಿ ಗಂಡಸು ಪೈಲ್ವಾನರು. ಪ್ರತಿ ಗಂಡಸಿನ ಕೆಳಗೆ ಆತನ ಊರು, ತೂಕ, ಉಸ್ತಾದನ ಹೆಸರು, ಯಾವ ಇನಾಮಿಗೆ ಆಡುತ್ತಾನೆ ಎಂಬ ವಿವರ. ನಮ್ಮ ಕೆಳಗೆ ಬರೀ ಹೆಸರು ಮತ್ತು 'ವಿಶೇಷ ಆಕರ್ಷಣೆ'. ಅಡಿಯಲ್ಲಿ ಹಳದಿ ಅಕ್ಷರದಲ್ಲಿ 'ಗಂಡಸರ ಬರೋಬರಿ ಹೆಣ್ಣುಮಕ್ಕಳ ಜಂಗಿ ಕುಸ್ತಿ'. ಅಪ್ಪ ಕಟ್ಟೆಯ ಮೇಲೆ ಹತ್ತಿ ನನ್ನ ಹೆಸರಿನ ಮೇಲೆ ಕೆಳಗೆ ಬೆರಳಾಡಿಸಿ ಹುಡುಕಿದ.

"ಉಸ್ತಾದನ ಹೆಸರು ಬಿಟ್ಟಾರ," ಎಂದ. ಸ್ವಲ್ಪ ಹೊತ್ತು ನಿಂತು, "ಜಾಗಾ ಸಾಲಿಲ್ಲ ಅನಸ್ತದ," ಎಂದು ಕೆಳಗಿಳಿದ. ಇಬ್ಬರು ಆಳು ನಿಲ್ಲುವಷ್ಟು ಜಾಗ ನನ್ನ ಕೂದಲಿಗೇ ಹೋಗಿತ್ತು. ಒಬ್ಬ ಮನುಷ್ಯ ನನ್ನ ಫೋಟೋದ ಸೊಂಟಕ್ಕೆ ಬೆನ್ನು ಕೊಟ್ಟು ಬೀಡಿ ಸೇದುತ್ತ ನಿಂತಿದ್ದ. ನಾನು ಓಡ್ನಿಯನ್ನು ಮುಖಕ್ಕೆ ಎಳೆದುಕೊಂಡು ಅಲ್ಲಿಂದ ಹೋದೆ. ಮುಂದೆ ಆ ಗೋಡೆ ಬಂದಾಗಲೆಲ್ಲ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದೆ.

ಬೀದರದ ಕುಸ್ತಿಯ ದಿನ ಗಾಳಿ ಚುರುಗುಟ್ಟುತ್ತಿತ್ತು. ಬೀದರದ್ದು ಎತ್ತರದ ಊರು, ಥಂಡಿ ಕೆಳಗಿನ ಊರುಗಳಿಗಿಂತ ಒಂದು ತೂಕ ಹೆಚ್ಚು. ನೆಲವೇ ಕೆಂಪು, ಹಾಗಾಗಿ ಅಖಾಡಕ್ಕೆ ಮಣ್ಣು ಹುಡುಕುವ ಕಷ್ಟವಿರಲಿಲ್ಲ. ಭಾಲ್ಕಿ ಔರಾದದ ಕಡೆ ಕಪ್ಪು ನೆಲ. ಅಲ್ಲಿಗೆ ಶೇಠ ಬೀದರದ ಮಣ್ಣನ್ನೇ ಟ್ರ್ಯಾಕ್ಟರಿನಲ್ಲಿ ಹೇರಿ ಕಳಿಸಿದ. ಗಂಡಸರಿಗೆ ಬಟ್ಟೆ ಬದಲಿಸಲು, ಮೈಗೆ ಎಣ್ಣೆ ಹಚ್ಚಿಕೊಳ್ಳಲು ಒಂದು ಶಾಮಿಯಾನಾ. ನಮಗೆ ಕುರ್ಚಿ ಹೇರಿಕೊಂಡು ಬಂದ ಟೆಂಪೋದ ಹಿಂಭಾಗ. ನಾನು ಬಟ್ಟೆ ಬದಲಿಸುವಾಗ ಶಬಾನಾ ತನ್ನ ಓಡ್ನಿ ಹಿಡಿದು ನಿಂತಳು, ಆಕೆ ಬದಲಿಸುವಾಗ ನಾನು.

ನಮ್ಮ ಕುಸ್ತಿಯನ್ನು ಕಡೆಗಿಟ್ಟಿದ್ದರು. ಕಡೆಯ ಕುಸ್ತಿ ಎಂದರೆ ದೊಡ್ಡ ಕುಸ್ತಿ ಎಂದು ಅಪ್ಪ ಬೀಗಿದ್ದ. ಮಧ್ಯಾಹ್ನದಿಂದ ಟೆಂಪೋದಲ್ಲಿ ಕುಳಿತು ಮೈಕು ಕೇಳಿಸಿಕೊಂಡ ಮೇಲೆ ನನಗೆ ವಿಷಯ ತಿಳಿಯಿತು. ಪ್ರತಿ ಜೋಡಿ ಮುಗಿದಾಗಲೂ ಶೇಠ ಒದರುತ್ತಿದ್ದ, "ಯಾರೂ ಏಳಬ್ಯಾಡ್ರಿ, ಹೆಣ್ಣುಮಕ್ಕಳದು ಇನ್ನೂ ಬಾಕಿ ಅದ." ಜನ ಎದ್ದು ಹೋಗದ ಹಾಗೆ ಹಿಡಿದಿಡಲು ನಾವು. ಶಬಾನಾ ಸೀತನಿ, ಎಂದರೆ ಸುಟ್ಟ ಎಳೆಜೋಳದ ಕಾಳು, ಬಾಯಿಗೆ ಹಾಕಿಕೊಳ್ಳುತ್ತ, "ನಾವು ಲಾಸ್ಟ್ ಬಸ್ ಅದೇವಿ ಅಕ್ಕಾ. ಅದ ಬರೂತನಕ ಜನ ಸ್ಟ್ಯಾಂಡ್ ಬಿಡಂಗಿಲ್ಲ," ಎಂದಳು.

ನಾವು ಮಣ್ಣಿಗಿಳಿದಾಗ ಸೂರ್ಯ ಕೆಳಗಿದ್ದ. ಎಲ್ಲರ ಕೈಯಲ್ಲೂ ಮೊಬೈಲು. ಗಂಡಸರು ಆಡುವಾಗ ಜನ ಹಿಡಿತಗಳ ಹೆಸರು ಕೂಗುತ್ತಿದ್ದರು, ಲಂಗಿ ಹಾಕು, ಢಾಕ್ ಹೊಡಿ ಎಂದು. ನಾವು ಆಡುವಾಗ ಸೀಟಿ ಹೊಡೆದರು. ನಾನು ನೆಲಕ್ಕೆ ಬಗ್ಗಿದಾಗ ಸೀಟಿ ಹೆಚ್ಚಾಯಿತು. ಬಗ್ಗದೆ ಕುಸ್ತಿ ಆಡುವುದು ಹೇಗೆ ಎಂದು ನನಗೆ ಗೊತ್ತಿರಲಿಲ್ಲ, ಅಪ್ಪ ಕಲಿಸಿರಲಿಲ್ಲ. ಐದು ನಿಮಿಷವೂ ಆಗಿರಲಿಲ್ಲ, ತೀರ್ಪು ಕೊಡುವ ಪಂಚರು ಸೀಟಿ ಊದಿ ನಡುವೆ ಬಂದು ನಮ್ಮಿಬ್ಬರ ಕೈಯನ್ನೂ ಎತ್ತಿದರು. ಶೇಠ ಮೈಕಿನಲ್ಲಿ, "ಬರೋಬರಿ. ನೋಡ್ರಿ, ಗಂಡಸರ ಬರೋಬರಿ ನಮ್ಮ ಹೆಣ್ಣುಮಕ್ಕಳು," ಎಂದ. ಚಪ್ಪಾಳೆ ಬಿತ್ತು.

ಹೊತ್ತಾದರೂ ಇಬ್ಬರಲ್ಲಿ ಯಾರ ಬೆನ್ನೂ ಮಣ್ಣಿಗೆ ಹತ್ತದಿದ್ದರೆ ಕುಸ್ತಿಯನ್ನು ಬರೋಬರಿ ಎಂದು ಬಿಡಿಸುತ್ತಾರೆ. ಸರಿಸಮ ಎಂದರ್ಥ. ಗಂಡಸರದ್ದು ಅರ್ಧ ತಾಸು ಗುದ್ದಾಡಿದ ಮೇಲೆ ಹಾಗೆ ಬಿಡುವುದುಂಟು. ನಮಗಿನ್ನೂ ಬೆವರೇ ಬಂದಿರಲಿಲ್ಲ. ಆಮೇಲೆ ಅತಿಥಿಗಳ ಮನೆಯ ಹೆಂಗಸರನ್ನು ಕರೆಸಿ ನಮ್ಮಿಬ್ಬರಿಗೂ ಉಡಿ ತುಂಬಿಸಿದರು, ಮಗಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಹಾಗೆ. ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ. ಉಡಿ ಒಡ್ಡಲು ಸೆರಗು ಬೇಕಲ್ಲ. ನಾವು ಮಣ್ಣಾದ ಟೀಶರ್ಟಿನ ಅಂಚನ್ನೇ ಎತ್ತಿ ಹಿಡಿದೆವು. ಹೊಟ್ಟೆಗೆ ಥಂಡಿ ಗಾಳಿ ತಾಕಿತು. ಮೊಬೈಲುಗಳು ಅದನ್ನೂ ಹಿಡಿದವು.

"ನಮ್ಮಾಗ ಈ ಪದ್ಧತಿ ಇಲ್ಲ," ಎಂದಳು ಶಬಾನಾ ಟೆಂಪೋದಲ್ಲಿ, ಅಕ್ಕಿ ಚೀಲಕ್ಕೆ ಸುರಿಯುತ್ತ. "ಆದ್ರ ಅಕ್ಕಿ ಛಲೋ ಅವ."

ಮನೆಗೆ ಹೋದಾಗ ಅವ್ವ ಏನಾಯಿತೆಂದು ಕೇಳಿದಳು. ಬರೋಬರಿ ಆಯಿತು ಎಂದೆ. "ಛಲೋ ಆತು," ಎಂದು ಆಕೆ ನಿಶ್ಚಿಂತೆಯಿಂದ ಒಲೆಯ ಕಡೆ ತಿರುಗಿದಳು. ನಮ್ಮ ಮನೆಮಾತಿನಲ್ಲಿ ಬರೋಬರಿ ಎಂದರೆ ಸರಿಯಾಯಿತು ಎಂದೂ ಅರ್ಥ. ಉಪ್ಪು ಬರೋಬರಿ ಆಗ್ಯಾದ, ಅಂಗಿ ಬರೋಬರಿ ಕುಂತದ ಅನ್ನುತ್ತೇವೆ. ಅವ್ವ ಕುಸ್ತಿ ನೋಡಿದವಳಲ್ಲ. ಮಗಳದ್ದು ಎಲ್ಲ ಸರಿಯಾಗಿ ನಡೆಯಿತು ಎಂದುಕೊಂಡಳು.

ಭಾಲ್ಕಿಯಲ್ಲಿ ನಮ್ಮೂರಿನ ಜನವೇ ಬಹಳ ಬಂದಿದ್ದರು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯಲ್ಲಿ ಸಾಲಾಗಿ ನಿಂತು, ಅವುಗಳ ಮೇಲೆ ಹತ್ತಿ ಕುಳಿತವರೂ ಇದ್ದರು. ಅಂದು ನಾನು ಶಬಾನಾಳ ಕೈ ಸಿಕ್ಕಿಸಿಕೊಂಡು ಆಕೆಯನ್ನು ಕೆಳಗೆ ತಂದೆ. ಆಕೆಯ ಒಂದು ಹೆಗಲು ಮಣ್ಣಿಗೆ ಹತ್ತಿತ್ತು, ಇನ್ನೊಂದು ಗೇಣು ದೂರವಿತ್ತು. ನಾನು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟೆ. ಆಗ ಸೀಟಿ ಊದಿದರು. ಇಬ್ಬರ ಕೈ ಎತ್ತಿದರು. ಬರೋಬರಿ. ಉಡಿ.

ಟೆಂಪೋದಲ್ಲಿ ಶಬಾನಾ ಅಕ್ಕಿಯನ್ನು ಚೀಲಕ್ಕೆ ಸುರಿಯದೆ, ಹೆಗಲಿಗೆ ಹತ್ತಿದ ಮಣ್ಣನ್ನು ತಿಕ್ಕುತ್ತ ಕುಳಿತಳು.

"ಇನ್ನ ಒಂದ್ ಗಳಿಗಿ ಬಿಟ್ಟಿದ್ರ ನಾ ಚಿತ್ ಆಗ್ತಿದ್ದೆ," ಎಂದಳು.

"ಇಲ್ಲಾಂದ್ರ ತಿರಗಿ ನನ್ನ ಒಗಿತಿದ್ದಿ."

"ಅದ ನೋಡು. ಏನಾಗ್ತಿತ್ತಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಮ್ಮ ತಾಲೀಮ್‌ದಾಗ ಹುಡುಗ್ರು ನನ್ನ ಜೋಡಿ ಹಗುರ ಹಿಡಿತಾರ, ಮಾಮು ಬೈತಾನಂತ. ಇಲ್ಲಿ ಇವ್ರು ಸೋಲಾಕೂ ಬಿಡವಲ್ರು. ಸೋಲೂ ಇಲ್ಲಂದ್ರ ನಾ ಮಣ್ಣಿಗಿ ಯಾಕ ಬಂದೆ ಅಕ್ಕಾ?"

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಮರುದಿನ ತಾಲೀಮಿನಲ್ಲಿ ಅಪ್ಪನಿಗೆ ಹೇಳಿದೆ, "ಔರಾದಕ್ಕ ನಾ ಬರಬೇಕಂದ್ರ ಒಂದ್ ಮಾತು. ನನ್ನ ಕೈಯರ ಎತ್ತಬೇಕು, ಆಕಿ ಕೈಯರ ಎತ್ತಬೇಕು. ಎರಡೂ ಕೈ ಎತ್ತಿದ್ರ ನಾ ಇನ್ನ ಮಣ್ಣಿಗಿ ಇಳಿಯಂಗಿಲ್ಲ."

"ಇಬ್ರೂ ಹೆಣ್ಣುಮಕ್ಕಳು. ಮಂದಿ ಮುಂದ ಒಬ್ಬಾಕಿನ್ನ ಯಾಕ ಕೆಳಗ ಮಾಡೂದಂತ ಬಿಡಿಸ್ತಾರವ್ವ."

"ನಿನ್ನ ಹುಡುಗ್ರಿಗಿ ಹಂಗ ಬಿಡಿಸಿದ್ರ ನೀ ಸುಮ್ಮ ಕುಂದ್ರತಿದ್ದೇನು?"

ಅಪ್ಪ ಟವೆಲ್ಲನ್ನು ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ನನ್ನನ್ನು ಕರೆದುಕೊಂಡು ನೌಬಾದಕ್ಕೆ ಹೊರಟ.

ಶೇಠ ಅಂಗಡಿಯ ಮುಂದೆ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದ. ಸಿಟ್ಟಾಗಲಿಲ್ಲ, ನಕ್ಕ. "ತಂಗೀ, ಒಬ್ಬಾಕಿ ಗೆದ್ದು ಒಬ್ಬಾಕಿ ಸೋತ್ರ ಮುಂದಿನ ಊರಾಗ ಅದ ಜೋಡಿ ಹ್ಯಾಂಗ ಹಚ್ಚಲಿ? ಸೋತಾಕಿನ್ನ ನೋಡಾಕ ಯಾರು ಬರ್ತಾರ?" ನಾನು ಗಂಡಸರಲ್ಲಿ ಸೋತವರು ಮತ್ತೆ ಬರುತ್ತಾರಲ್ಲ ಎಂದೆ. "ಅವರು ಪೈಲ್ವಾನ್ರು," ಎಂದ. ತನ್ನ ಬಾಯಿಂದ ಏನು ಬಂತು ಎಂದು ಆತನಿಗೆ ತಿಳಿಯಲೂ ಇಲ್ಲ. ಅಪ್ಪನಿಗೆ ತಿಳಿಯಿತು, ಆತ ನೆಲ ನೋಡಿದ. ಶೇಠ ಅಪ್ಪನ ಹೆಗಲ ಮೇಲೆ ಕೈ ಹಾಕಿ, "ಆತು ಬಿಡ್ರಿ. ಔರಾದ ಹ್ಯಾಂಗೂ ಕಡೀ ಊರು. ಅಲ್ಲಿ ಚಿತ್ ಅಂದ್ರ ಚಿತ್. ಇನ್ನೊಂದ್ ಹೇಳ್ತೇನಿ ಪೈಲ್ವಾನ್ರ, ಔರಾದದಾಗ ನಿಮ್ಮ ಹೆಸರು ಮೈಕ್‌ದಾಗ ನಾನೇ ಒದರ್ತೇನಿ," ಎಂದ. ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ತಿರುಗಿ ಕುಳಿತು ತನ್ನಷ್ಟಕ್ಕೆ ನಗುತ್ತಿದ್ದ. ಆ ನಗು ನೋಡಿ ನನಗೂ ಖುಷಿಯಾಯಿತು. ಶಬಾನಾಗೆ ಫೋನು ಮಾಡಿ ಹೇಳಿದೆ. "ಹಂಗಾರ ಎಣ್ಣಿ ಹಚ್ಚಕೊಂಡು ತಯಾರಾಗು ಅಕ್ಕಾ," ಎಂದಳು.

ಔರಾದದಲ್ಲಿ ಬಯಲೆಂದರೆ ಬಯಲು. ಕಟಾವಾದ ತೊಗರಿಯ ಕಟ್ಟಿಗೆ ರಾಶಿ ಒಂದು ಕಡೆ, ಇನ್ನೊಂದು ಕಡೆ ಶೇಠನ ಕುರ್ಚಿಗಳು. ಕಪ್ಪು ಹೊಲದ ನಡುವೆ ನಮ್ಮ ಕೆಂಪು ಮಣ್ಣು ಒಂದೇ ಬೇರೆ ಬಣ್ಣ. ಬೆಳ್ಳಿ ಕಡಗದ ಇನಾಮಿನ ಕುಸ್ತಿ ಮುಗಿದು, ಗೆದ್ದವನನ್ನು ಹೆಗಲ ಮೇಲೆ ಹೊತ್ತು ಸುತ್ತು ಹಾಕಿಸಿದರು. ಆಮೇಲೆ ನಮ್ಮ ಸರದಿ.

ಶೇಠ ಮಾತಿಗೆ ತಪ್ಪಲಿಲ್ಲ. "ಸಾಯಗಾಂವದ ನಾಮಾಂಕಿತ ಉಸ್ತಾದರು, ಮಾಣಿಕ ಪೈಲ್ವಾನ ಅವರು, ಅವರ ಮಗಳು ಸುಜಾತಾ," ಎಂದು ಮೂರು ಸಲ ಒದರಿದ. ಅಪ್ಪ ಕುರ್ಚಿಯಿಂದ ಎದ್ದು ನಾಲ್ಕೂ ದಿಕ್ಕಿಗೆ ತಿರುಗಿ ಕೈ ಮುಗಿದ. ಕಣ್ಣಲ್ಲಿ ನೀರಿತ್ತು. ಶೇಠ ಆತನನ್ನು ಕರೆದು ತನ್ನ ಪಕ್ಕದ ಕುರ್ಚಿಯಲ್ಲಿ, ಅತಿಥಿಗಳ ಸಾಲಿನಲ್ಲಿ ಕೂಡಿಸಿಕೊಂಡ.

ಅಂದು ಶಬಾನಾ ನಿಜವಾಗಿ ಆಡಿದಳು. ಎರಡು ಸಲ ನನ್ನ ಕಾಲು ಕಿತ್ತಳು, ಒಮ್ಮೆ ನನ್ನ ಬೆನ್ನು ಮಣ್ಣಿಗೆ ತಾಕುವುದರಲ್ಲಿತ್ತು, ಹೇಗೋ ಹೊರಳಿ ಉಳಿದೆ. ಬಾಯಿಗೆ ಮಣ್ಣು ಹೋಗಿತ್ತು. ಜನರ ಸೀಟಿ ನಿಂತದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ, ಆದರೆ ಯಾರೋ ಒಬ್ಬ, "ಕೊಳ್ಳ ಬಿಡಬ್ಯಾಡ," ಎಂದು ಕೂಗಿದ್ದು ಕೇಳಿಸಿತು. ಇಡೀ ಚಳಿಗಾಲದಲ್ಲಿ ಕುಸ್ತಿಯ ಮಾತು ನಮ್ಮ ಕಿವಿಗೆ ಬಿದ್ದದ್ದು ಅದೊಂದೇ. ನಾನು ಆಕೆಯ ಕುತ್ತಿಗೆ ಕೈ ಎರಡನ್ನೂ ಬಿಗಿಹಿಡಿದು, ಸೊಂಟ ಕೊಟ್ಟು, ಢಾಕ್ ಹೊಡೆದೆ. ಆಕೆ ನನ್ನ ಮೇಲಿಂದ ಹಾರಿ ಬೆನ್ನ ಮೇಲೆ ಬಿದ್ದಳು. ಎರಡೂ ಹೆಗಲು ಮಣ್ಣಿಗೆ ಬಡಿದವು. ಎದೆಯ ಮೇಲೆ ಕುಳಿತು ಹಿಡಿದೆ. ಬಯಲೆಲ್ಲ ಒಮ್ಮೆ ಹೋ ಎಂದಿತು. ಅಪ್ಪ ಎದ್ದು ನಿಂತಿದ್ದ.

ಪಂಚರು ಬಗ್ಗಿ ನೋಡಿದರು. ಆಮೇಲೆ ತಲೆ ಎತ್ತಿ ಶೇಠನ ಕಡೆ ನೋಡಿದರು.

"ಬರೋಬರಿ," ಎಂದಿತು ಮೈಕು. "ವಾಹ್, ಗಂಡಸರ ಬರೋಬರಿ ಹೆಣ್ಣುಮಕ್ಕಳು. ಚಪ್ಪಾಳಿ ಹೊಡೀರಿ."

ಪಂಚರು ನನ್ನನ್ನು ಎಬ್ಬಿಸಿದರು. ಇಬ್ಬರ ಕೈ ಎತ್ತಬೇಕಲ್ಲ, ಶಬಾನಾಳ ಕಡೆಗೂ ಕೈ ಚಾಚಿದರು. ಆಕೆ ಕೈ ಕೊಡಲಿಲ್ಲ. ಬಿದ್ದಲ್ಲೇ, ಬಿದ್ದ ಹಾಗೆಯೇ, ಎರಡೂ ಹೆಗಲು ಮಣ್ಣಿಗೆ ಹಚ್ಚಿಕೊಂಡು ಮಲಗಿದ್ದಳು.

"ಏಳವ್ವಾ, ಮುಗೀತು."

"ಏಳಂಗಿಲ್ರಿ. ನಾ ಸೋತೇನಿ ಅನ್ರಿ ಮೊದಲ."

ಪಂಚರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಗೆದ್ದೆ ಎಂದು ಜ‌ಗಳಾಡಿದವರನ್ನು ಅವರು ನೋಡಿದ್ದರು, ಸೋತೆ ಎಂದು ಹಟ ಹಿಡಿದವರನ್ನು ನೋಡಿರಲಿಲ್ಲ. ಜನ ನಗಲು ಶುರುಮಾಡಿದರು. ಶೇಠ ಮೈಕಿನಲ್ಲಿ, "ಹುಡುಗಿಗಿ ಸುಸ್ತಾಗ್ಯಾದ, ಒಂದ್ ಚಾ ತರ್ರಿ," ಎಂದ. ನಗು ಜೋರಾಯಿತು. ಶಬಾನಾಳ ಮಾಮು ಬಂದು ತಲೆಯ ಹತ್ತಿರ ಕುಳಿತು, "ಉಠೋ ಬೇಟಾ, ಲೋಗಾಂ ಹಸ್ರೇಂ," ಏಳು, ಜನ ನಗುತ್ತಿದ್ದಾರೆ ಎಂದು ಬೇಡಿಕೊಂಡ. ಆಕೆ ಆಕಾಶ ನೋಡುತ್ತಿದ್ದಳು. "ಹಸನೇ ದೋ ಮಾಮು, ನಗ್ಲಿ. ನನ್ನ ಬೆನ್ನಿಗಿ ಮಣ್ಣ ಹತ್ತೇದೋ ಇಲ್ಲೋ ಅವರಿಗಿ ಕೇಳ್ರಿ."

ನಾನು ಅಪ್ಪನ ಕಡೆ ನೋಡಿದೆ. ಯಾರ ಬೆನ್ನು ಯಾವಾಗ ಹತ್ತಿತೆಂದು ಆ ಬಯಲಿನಲ್ಲಿ ಅಪ್ಪನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಶೇಠ ಆತನ ಮೊಣಕೈ ಹಿಡಿದು ಏನೋ ಹೇಳಿದ. ಅಪ್ಪ ಕುಳಿತ. ಈಗಷ್ಟೇ ಮೂರು ಸಲ ಹೆಸರು ಕರೆಸಿಕೊಂಡ ಉಸ್ತಾದ ಬಾಯಿ ತೆರೆಯಲಿಲ್ಲ.

ಮೈಕು ಬಂದ್ ಮಾಡಿದರು. ಕೆಲಸಗಾರರು ಕುರ್ಚಿ ಮಡಚತೊಡಗಿದರು. ಜನ ಕರಗಿದರು, ಆದರೂ ಒಂದಷ್ಟು ಮಂದಿ ಮೊಬೈಲು ಹಿಡಿದು ನಿಂತೇ ಇದ್ದರು. ನನಗೆ ಸಾಯುವಷ್ಟು ನಾಚಿಕೆ. ಮಲಗಿದ ಶಬಾನಾಗೆ ಅಲ್ಲ, ನಿಂತ ನನಗೆ. ನನ್ನ ಒಂದು ಗೆಲುವಿಗಾಗಿ ಆ ಹುಡುಗಿ ಸಾವಿರ ಕಣ್ಣುಗಳ ಕೆಳಗೆ ಅಂಗಾತ ಮಲಗಿದ್ದಳು, ಮತ್ತು ಆ ಗೆಲುವನ್ನು ಎದ್ದು ಹೇಳಬೇಕಾಗಿದ್ದವನು ನನ್ನ ಅಪ್ಪ. ಏಳು, ಸಾಕು ಎಂದೆ. ಆಕೆ ನನ್ನ ಮಣಿಕಟ್ಟು ಹಿಡಿದಳು. ಏಳುತ್ತಾಳೆ ಎಂದುಕೊಂಡೆ. ಏಳಲಿಲ್ಲ, ಮಲಗಿದಲ್ಲಿಂದಲೇ ನನ್ನ ಕೈಯನ್ನು ಮೇಲಕ್ಕೆ ತಳ್ಳಿದಳು. ನನ್ನ ಒಂದು ಕೈ ಮೇಲಿತ್ತು, ಇನ್ನೊಂದು ಕೈ ಮೇಲೆ ಸರಿದ ಟೀಶರ್ಟನ್ನು ಕೆಳಗೆ ಜಗ್ಗುತ್ತಿತ್ತು. ಗೆದ್ದ ಕೈಯನ್ನು ನೋಡಿದವರು ಯಾರಾದರೂ ಇದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಆಮೇಲೆ ಆಕೆ ಎದ್ದು ಬೆನ್ನು ಝಾಡಿಸಿಕೊಂಡಳು. "ಛಲೋ ಒಗದಿ ಅಕ್ಕಾ," ಎಂದಳು. ಉಡಿ ತಂದಿದ್ದ ಹೆಂಗಸರು ಕಾದು ಕಾದು ಹೋಗಿದ್ದರು.

ಶಬಾನಾ ಮುಂದೆಯೂ ಆಡಿದಳು. ಮಹಾರಾಷ್ಟ್ರದ ಕಡೆ ಹೆಣ್ಣುಮಕ್ಕಳ ಕುಸ್ತಿಯನ್ನು ಚಿತ್ ಆಗುವವರೆಗೆ ಬಿಡುತ್ತಾರೆ ಎಂದು ಕೇಳಿ ಅಲ್ಲಿಗೆ ಹೋದಳು, ಗೆದ್ದಳು, ಸೋತಳು, ಎರಡನ್ನೂ ಫೋನು ಮಾಡಿ ಒಂದೇ ದನಿಯಲ್ಲಿ ಹೇಳುತ್ತಿದ್ದಳು. ನಾನು ಮಣ್ಣು ಬಿಟ್ಟೆ.

ಔರಾದದಿಂದ ಬರುವಾಗ ಅಪ್ಪ ಟೆಂಪೋದಲ್ಲಿ ಡ್ರೈವರನ ಪಕ್ಕ ಕುಳಿತ, ನಾನು ಹಿಂದೆ ಕುರ್ಚಿಗಳ ನಡುವೆ. ಅವ್ವ ಮಲಗಿಬಿಟ್ಟಿದ್ದಳು. ಬೆಳಿಗ್ಗೆ ನಾನು ಬಚ್ಚಲಿನಿಂದ ಬಂದಾಗ ಆಕೆ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ತಟ್ಟೆಯ ಮುಂದೆ ಕುಳಿತಿದ್ದ.

"ನಿನ್ನಿ ಏನಾತು?" ಎಂದು ಅವ್ವ ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ. "ಬರೋಬರಿ ಆತು."

ಮೈಕಿನಲ್ಲಿ ಶೇಠ ಹೇಳಿದ್ದು ಬೇರೆ. ಅವನ ಮಾತಿಗೆ ನನಗೆ ಸಿಟ್ಟು ಬಂದಿತ್ತು. ನನಗೆ ಢಾಕ್ ಕಲಿಸಿದವನು, ಎದ್ದು ನಿಂತು ಕಣ್ಣಾರೆ ನೋಡಿದವನು, ನಮ್ಮ ಅಡುಗೆಮನೆಯಲ್ಲಿ ಕುಳಿತು, ಯಾರ ಒತ್ತಾಯವೂ ಇಲ್ಲದೆ ಅದನ್ನೇ ಹೇಳಿದ್ದಕ್ಕೆ ಸಿಟ್ಟೂ ಬರಲಿಲ್ಲ.

"ಛಲೋ ಆತು ಬಿಡು," ಎಂದಳು ಅವ್ವ.

"ಬರೋಬರಿ ಆಗಿಲ್ಲವ್ವ," ಎಂದೆ. ಗೆದ್ದೆ ಎನ್ನಲು ನಾಲಿಗೆ ಬರಲಿಲ್ಲ. ಇನ್ನೊಂದು ಮಾತು ಬಂತು, ಅದನ್ನು ಹೇಳದಿದ್ದರೆ ಆ ಹುಡುಗಿ ಇನ್ನೂ ಅಲ್ಲೇ ಮಲಗಿರುತ್ತಾಳೆ ಎನಿಸಿತು. "ಶಬಾನಾ ಸೋತ್ಲು."

ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಆಕೆ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಹಂಗಾರ ನೀ ಗೆದ್ದಿ," ಎಂದಳು.

ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಮುರಿದದ್ದನ್ನೇ ಮತ್ತೆ ಮುರಿಯುತ್ತಿದ್ದ, ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆತ ನನ್ನ ಮುಖ ನೋಡಲಿಲ್ಲ, ನಾನೂ ಆತನ ಮುಖ ನೋಡಲಿಲ್ಲ, ನೋಡಲು ನಾಚಿಕೆಯಾಯಿತು.